ಕಾಡ್ಗಿಚ್ಚಿನ ಹೊಗೆ ಮತ್ತು ಮಲೆನಾಡಿನ ಮಕ್ಕಳ ಉಸಿರು

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಎಂಬ ಮಾತಿದೆ. ಮಲೆನಾಡಿನಲ್ಲಿ ಚಳಿ ಬಿಟ್ಟುಹೋದ ಜಾಗಕ್ಕೆ ಹೊಗೆ ಬಂದು ಕೂರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಕೆಲವು ದಿನ ಎದುರಿನ ಗುಡ್ಡ ಕಾಣುವುದಿಲ್ಲ. ಕಣಿವೆಯ ಮೇಲೆ ಬೂದು ಬಣ್ಣದ ಪದರವೊಂದು ನಿಂತಿರುತ್ತದೆ. ಅದನ್ನು ಮಂಜೆಂದೇ ತಿಳಿದು ಮಕ್ಕಳನ್ನು ಅಂಗಳಕ್ಕೆ ಬಿಡುತ್ತೇವೆ. ಮಲೆನಾಡಿನ ಗಾಳಿ ಶುದ್ಧ ಎಂಬ ನಮ್ಮ ಹೆಮ್ಮೆ ವರ್ಷದ ಬಹುಪಾಲು ನಿಜವೇ ಆಗಿದ್ದರೂ, ಈ ಎರಡು ಮೂರು ತಿಂಗಳಲ್ಲಿ ಅದೇ ಹೆಮ್ಮೆ ನಮ್ಮನ್ನು ಮೈಮರೆಸುತ್ತದೆ, ಮತ್ತು ಅದರ ಬೆಲೆಯನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ತೆರುವವರು ಚಿಕ್ಕ ಮಕ್ಕಳು.

ಹೊಗೆಯ ಗುಣ ಉರಿಯುವ ಬಗೆಯನ್ನು ಅವಲಂಬಿಸಿರುವುದರಿಂದ ನಮ್ಮ ಕಾಡು ಹೇಗೆ ಉರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಆಗುಂಬೆಯಂಥ ನಿತ್ಯಹರಿದ್ವರ್ಣ ಕಾಡು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಶೆಟ್ಟಿಹಳ್ಳಿ, ಭದ್ರಾ ಅಭಯಾರಣ್ಯಗಳ ಎಲೆ ಉದುರಿಸುವ ಕಾಡು, ಕೊಡಚಾದ್ರಿ ಮತ್ತು ಕುದುರೆಮುಖದ ಕಡೆಯ ಹುಲ್ಲುಗುಡ್ಡಗಳು, ಅಕೇಶಿಯಾ ನೆಡುತೋಪುಗಳು, ಲಂಟಾನ ಬೆಳೆದು ಕುರುಚಲಾದ ಜಾಗಗಳು ಮಾತ್ರ ಮಾಘ ಕಳೆಯುವ ಹೊತ್ತಿಗೆ ಬೆಂಕಿಗೆ ಸಿದ್ಧವಾಗಿ ನಿಂತಿರುತ್ತವೆ. ಈ ಒಣ ತಿಂಗಳುಗಳಲ್ಲಿ ಸಿಡಿಲಿನಿಂದ ಬೆಂಕಿ ಬೀಳುವುದು ತೀರಾ ಅಪರೂಪ. ದನಕ್ಕೆ ಹೊಸ ಹುಲ್ಲು ಚಿಗುರಲೆಂದು ಹಚ್ಚಿದ್ದು, ಮೈಗೆ ಕಚ್ಚುವ ಉಣುಗು (ಉಣ್ಣೆ) ಸಾಯುತ್ತದೆಂಬ ನಂಬಿಕೆಯಿಂದ ಹಚ್ಚಿದ್ದು, ಜೇನು ಕಿತ್ತವರ ದೊಂದಿಯಿಂದ ಬಿದ್ದದ್ದು, ರಸ್ತೆ ಬದಿಗೆ ಎಸೆದ ಬೀಡಿಯಿಂದ ಹೊತ್ತಿದ್ದು, ಹೀಗೆ ಹೆಚ್ಚುಕಡಿಮೆ ಎಲ್ಲವೂ ಮನುಷ್ಯನ ಕೈಯಿಂದಲೇ ಆಗುವಂಥವು. ಈ ಬೆಂಕಿ ಮರದ ತಲೆಗೆ ಏರುವುದು ಕಡಿಮೆ. ಅದು ದರಕು (ಉದುರಿದ ಒಣ ಎಲೆ), ಒಣಹುಲ್ಲು, ಕಡ್ಡಿಕಸವನ್ನು ತಿನ್ನುತ್ತ ನೆಲದ ಮೇಲೆ ಹರಿಯುತ್ತದೆ. ಜ್ವಾಲೆ ಆರಿದ ಮೇಲೂ ಬಿದ್ದ ಮರದ ದಿಮ್ಮಿಗಳೂ ಕೊರಡುಗಳೂ ದಿನಗಟ್ಟಲೆ ಹೊಗೆಯಾಡುತ್ತಲೇ ಇರುತ್ತವೆ. ಧಗಧಗ ಉರಿಯುವ ಬೆಂಕಿಗಿಂತ ಹೀಗೆ ಒಳಗೊಳಗೇ ಬೇಯುವ ಬೆಂಕಿಯೇ, ಸುಟ್ಟ ಅಷ್ಟೇ ಸೌದೆಗೆ, ಹೆಚ್ಚು ಸೂಕ್ಷ್ಮ ಕಣಗಳನ್ನೂ ಹೆಚ್ಚು ಕಾರ್ಬನ್ ಮೊನಾಕ್ಸೈಡನ್ನೂ ಬಿಡುತ್ತದೆ. ಅರಣ್ಯ ಇಲಾಖೆಯವರು ಬೆಂಕಿ ಆರಿಸಿ ಇಳಿದುಬಂದರೆಂದರೆ ಹೊಗೆಯೂ ಮುಗಿಯಿತೆಂದು ತಿಳಿಯಬಾರದು ಎನ್ನುವುದು ಇದಕ್ಕೇ.

ಹೊಗೆಯಲ್ಲಿ ಏನೇನಿದೆ? ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆಗೆ ಕಾರ್ಬನ್ ಮೊನಾಕ್ಸೈಡ್, ಸಾರಜನಕದ ಆಕ್ಸೈಡುಗಳು, ಕಣ್ಣು ಗಂಟಲು ಉರಿಸುವ ಫಾರ್ಮಾಲ್ಡಿಹೈಡ್ ಮತ್ತು ಅಕ್ರೋಲೀನ್, ಕ್ಯಾನ್ಸರಿಗೆ ಕಾರಣವಾಗಬಲ್ಲ ಬೆಂಜೀನ್ ಮುಂತಾದ ನೂರಾರು ರಾಸಾಯನಿಕಗಳಿವೆ. ಇವುಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುವಂಥದ್ದಾದರೂ, ಬೆಂಕಿಯಿಂದ ದೂರ ಹೋದಂತೆ ಬೇಗ ತೆಳುವಾಗುವುದರಿಂದ ಅದು ಬೆಂಕಿಯ ಬಳಿ ಇರುವವರ ಅಪಾಯ. ಹತ್ತಾರು ಕಿಲೋಮೀಟರ್ ದಾಟಿ ನಮ್ಮ ಮನೆಯೊಳಗೆ ಬರುವುದು ಸೂಕ್ಷ್ಮ ಕಣಗಳು. 2.5 ಮೈಕ್ರೋಮೀಟರಿಗಿಂತ ಸಣ್ಣವಾದ ಈ ಕಣಗಳನ್ನು ಪಿಎಂ 2.5 ಎಂದು ಕರೆಯುತ್ತಾರೆ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ಕಾಡಿನ ಹೊಗೆಯ ಬಹುಪಾಲು ಕಣಗಳು ಒಂದು ಮೈಕ್ರೋಮೀಟರೂ ಇರುವುದಿಲ್ಲ. ರಸ್ತೆಯ ಧೂಳನ್ನು ಮೂಗಿನ ಕೂದಲು ಮತ್ತು ಸಿಂಬಳ ತಡೆಯುತ್ತವೆ, ಶ್ವಾಸನಾಳದ ಒಳಮೈಯ ಸೂಕ್ಷ್ಮ ರೋಮಗಳು ಕಫದೊಡನೆ ಮೇಲಕ್ಕೆ ತಳ್ಳುತ್ತವೆ. ಹೊಗೆಯ ಕಣ ಇವೆರಡನ್ನೂ ತಪ್ಪಿಸಿಕೊಂಡು ಶ್ವಾಸಕೋಶದ ಕಟ್ಟಕಡೆಯ ವಾಯುಕೋಶಗಳಿಗೆ, ಅಂದರೆ ಗಾಳಿ ಮತ್ತು ರಕ್ತ ಪರಸ್ಪರ ಮುಟ್ಟುವ ಜಾಗಕ್ಕೆ, ಹೋಗಿ ಕೂರುತ್ತದೆ. ಅತಿ ಸಣ್ಣವು ಅಲ್ಲಿಂದ ರಕ್ತಕ್ಕೂ ಇಳಿಯುತ್ತವೆ.

ಬೆಳಗಿನ ಹೊತ್ತಿನಲ್ಲಿಯೇ ಹೊಗೆ ಹೆಚ್ಚು ಕಾಣುವುದಕ್ಕೆ ನಮ್ಮ ನೆಲದ ಆಕಾರ ಕಾರಣ. ರಾತ್ರಿ ಗುಡ್ಡದ ಮೈ ತಣ್ಣಗಾದಾಗ ಭಾರವಾದ ತಂಪು ಗಾಳಿ ಇಳಿದು ಗದ್ದೆ ತೋಟಗಳಿರುವ ತಗ್ಗಿನಲ್ಲಿ ಸೇರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಈ ಮುಚ್ಚಳದ ಕೆಳಗೆ ಸಿಕ್ಕ ಹೊಗೆ ಬಿಸಿಲೇರಿ ನೆಲ ಕಾಯುವವರೆಗೆ ಅಲ್ಲೇ ಇರುತ್ತದೆ, ಮತ್ತು ನಮ್ಮ ಮನೆಗಳೂ ಅಂಗನವಾಡಿಗಳೂ ಶಾಲೆಗಳೂ ಹೆಚ್ಚಾಗಿ ಇರುವುದು ಆ ತಗ್ಗಿನಲ್ಲಿಯೇ. ಮಂಜಿಗೂ ಹೊಗೆಗೂ ವ್ಯತ್ಯಾಸ ತಿಳಿಯಲು ಉಪಕರಣವೇ ಬೇಕೆಂದಿಲ್ಲ. ಮಂಜು ಬಿದ್ದರೆ ಹುಲ್ಲು ಒದ್ದೆಯಾಗುತ್ತದೆ, ಬಿಸಿಲು ಬಿದ್ದೊಡನೆ ಅದು ಹರಿದು ಹೋಗುತ್ತದೆ. ಹೊಗೆಗೆ ವಾಸನೆಯಿದೆ, ಅದು ಹತ್ತು ಹನ್ನೊಂದು ಗಂಟೆಯಾದರೂ ಬೂದು ಅಥವಾ ಕಂದಾಗಿಯೇ ನಿಂತಿರುತ್ತದೆ, ಅದರ ಹಿಂದಿನ ಸೂರ್ಯ ಕೆಂಪಗೆ ಕಾಣುತ್ತಾನೆ. ಎರಡೂ ಬೆರೆತಿರುವ ದಿನಗಳೂ ಇವೆ. ಅಂಥ ದಿನ ಮೂಗನ್ನು ನಂಬುವುದು ಲೇಸು.

ಇನ್ನು ಮಕ್ಕಳ ವಿಷಯ. ಮಗು ಎಂದರೆ ದೊಡ್ಡವರ ಸಣ್ಣ ಪ್ರತಿ ಎಂದು ಭಾವಿಸಿದರೆ ಹೊಗೆಯ ಅಪಾಯ ಅರ್ಥವಾಗುವುದಿಲ್ಲ. ಸುಮ್ಮನೆ ಕುಳಿತ ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ನವಜಾತ ಶಿಶು 30ರಿಂದ 60 ಬಾರಿ ಉಸಿರಾಡುತ್ತದೆ. ಮೈತೂಕದ ಲೆಕ್ಕ ಹಾಕಿದರೆ ಎಳೆಗೂಸು ದೊಡ್ಡವರ ಸುಮಾರು ಎರಡರಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅಂದರೆ ಒಂದೇ ಜಗಲಿಯಲ್ಲಿ ಕುಳಿತ ಅಜ್ಜಿಗೂ ಅವರ ತೊಡೆಯ ಮೇಲಿನ ಮೊಮ್ಮಗುವಿಗೂ ಸಿಗುವ ಹೊಗೆಯ ಪಾಲು ಒಂದೇ ಅಲ್ಲ. ಓಡಾಡುವ ವಯಸ್ಸಿನ ಮಕ್ಕಳು ಆಡುತ್ತ, ಕೂಗುತ್ತ, ಬಾಯಿಯಿಂದ ಉಸಿರೆಳೆಯುತ್ತಾರೆ. ಆಗ ಮೂಗಿನ ಸೋಸುವಿಕೆಯೂ ತಪ್ಪುತ್ತದೆ.

ಎರಡನೆಯದು ನಾಳದ ಅಳತೆ, ಮತ್ತು ನನ್ನ ದೃಷ್ಟಿಯಲ್ಲಿ ಪೋಷಕರು ಅವಶ್ಯವಾಗಿ ತಿಳಿದಿರಬೇಕಾದ ಲೆಕ್ಕ ಇದೇ. ನಾಳದೊಳಗೆ ಗಾಳಿ ಸರಾಗವಾಗಿ ಹರಿಯುವಾಗ ಅದಕ್ಕೆ ಎದುರಾಗುವ ತಡೆ ನಾಳದ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ದೊಡ್ಡವರಲ್ಲಿ 8 ಮಿಲಿಮೀಟರ್ ಅಗಲದ, ಶಿಶುವಿನಲ್ಲಿ 4 ಮಿಲಿಮೀಟರ್ ಅಗಲದ ಒಂದೊಂದು ನಾಳವನ್ನು ಊಹಿಸಿಕೊಳ್ಳೋಣ. ಹೊಗೆಯಿಂದ ಎರಡರ ಒಳಗೋಡೆಯೂ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಬಾತುಕೊಂಡಿತು ಎನ್ನೋಣ. ದೊಡ್ಡವರ ನಾಳದ ತ್ರಿಜ್ಯ ನಾಲ್ಕರಿಂದ ಮೂರಕ್ಕೆ ಇಳಿಯುತ್ತದೆ, ತಡೆ ಸುಮಾರು ಮೂರು ಪಟ್ಟಾಗುತ್ತದೆ. ಶಿಶುವಿನ ನಾಳದ ತ್ರಿಜ್ಯ ಎರಡರಿಂದ ಒಂದಕ್ಕೆ ಇಳಿಯುತ್ತದೆ, ತಡೆ 16 ಪಟ್ಟಾಗುತ್ತದೆ. ಅದೇ ಹೊಗೆಗೆ ಅಪ್ಪನಿಗೆ ಗಂಟಲು ಕೆರೆದರೆ ಮಗುವಿಗೆ ಎದೆ ಗುಯ್ಗುಟ್ಟುವುದು ಇದರಿಂದಾಗಿಯೇ ಹೊರತು ಮಗು ನಾಜೂಕೆಂದು ಅಲ್ಲ.

ಮೂರನೆಯದು, ಶ್ವಾಸಕೋಶ ಇನ್ನೂ ಕಟ್ಟುವ ಹಂತದಲ್ಲಿರುತ್ತದೆ. ಪ್ರಾಯದವರ ಶ್ವಾಸಕೋಶದಲ್ಲಿ 30ರಿಂದ 50 ಕೋಟಿ ವಾಯುಕೋಶಗಳಿರುತ್ತವೆ. ಹುಟ್ಟುವಾಗ ಇರುವುದು ಅದರ ಒಂದು ಭಾಗ ಮಾತ್ರ, ಉಳಿದವು ಬಾಲ್ಯದಲ್ಲಿ ಬೆಳೆಯುತ್ತವೆ. ರೋಗನಿರೋಧಕ ವ್ಯವಸ್ಥೆಯೂ ಅದೇ ವರ್ಷಗಳಲ್ಲಿ ಪಾಠ ಕಲಿಯುತ್ತಿರುತ್ತದೆ. ಕಣಗಳು ವಾಯುಕೋಶಕ್ಕೆ ತಲುಪಿದಾಗ ಅವನ್ನು ನುಂಗಲು ಅಲ್ಲಿನ ಭಕ್ಷಕ ಜೀವಕೋಶಗಳು ಬರುತ್ತವೆ. ಹೊಗೆ ದಿನಗಟ್ಟಲೆ ಮುಂದುವರಿದರೆ ಅವು ಸೋಲುತ್ತವೆ, ಉರಿಯೂತ ಉಳಿಯುತ್ತದೆ, ಬ್ಯಾಕ್ಟೀರಿಯಾ ವೈರಸ್‌ಗಳಿಗೆ ದಾರಿ ಸುಲಭವಾಗುತ್ತದೆ. ಹೊಗೆಯ ವಾರದಲ್ಲಿ ಬರೀ ಕಣ್ಣುರಿ, ಒಣಕೆಮ್ಮು ಕಂಡ ಮಗುವಿಗೆ ಮುಂದಿನ ವಾರ ಎದೆಯ ಸೋಂಕು ಕಾಣಿಸಿಕೊಳ್ಳಬಹುದಾದದ್ದು ಈ ಕ್ರಮದಲ್ಲಿ. ಆಸ್ತಮಾ ಇರುವ ಮಕ್ಕಳಿಗಂತೂ ಮೊದಲೇ ಕೆರಳಿದ ನಾಳಗಳು ಹೊಗೆ ಸೋಕಿದೊಡನೆ ಬಿಗಿಯುತ್ತವೆ.

ಈ ವಿಷಯದಲ್ಲಿ ಹೆಚ್ಚು ಅಧ್ಯಯನ ನಡೆದಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಸ್ಯಾನ್ ಡಿಯಾಗೋ ಪ್ರದೇಶದ ಆಸ್ಪತ್ರೆ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಸಂಶೋಧನೆಯು, ಮಕ್ಕಳ ಉಸಿರಾಟದ ಆರೋಗ್ಯದ ಮಟ್ಟಿಗೆ ಕಾಡ್ಗಿಚ್ಚಿನ ಪಿಎಂ 2.5 ಇತರ ಮೂಲಗಳ ಪಿಎಂ 2.5ಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹಾನಿಕರವೆಂದೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆಂದೂ ಹೇಳಿತು. ಇನ್ನೊಂದು ಅಧ್ಯಯನ ಆಕಸ್ಮಿಕವಾಗಿ ಒದಗಿಬಂದದ್ದು. 2008ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಕಾಡುಗಳು ಉರಿದಾಗ, ಡೇವಿಸ್‌ನ ಪ್ರೈಮೇಟ್ ಸಂಶೋಧನಾ ಕೇಂದ್ರದ ಬಯಲು ಆವರಣಗಳಲ್ಲಿ ಆಗಷ್ಟೇ ಹುಟ್ಟಿದ ರೀಸಸ್ ಕೋತಿಮರಿಗಳು ಆ ಹೊಗೆಯನ್ನು ಉಸಿರಾಡಿದವು. ಅವು ಹರೆಯಕ್ಕೆ ಬಂದಾಗ ಪರೀಕ್ಷಿಸಿ, ಮರುವರ್ಷ ಹುಟ್ಟಿದ, ಆ ಹೊಗೆ ಕಾಣದ ಮರಿಗಳೊಂದಿಗೆ ಹೋಲಿಸಿದಾಗ, ಹೊಗೆ ಕುಡಿದವುಗಳ ಶ್ವಾಸಕೋಶದ ಸಾಮರ್ಥ್ಯ ಕಡಿಮೆಯಿತ್ತು, ಸೋಂಕಿಗೆ ಅವುಗಳ ರೋಗನಿರೋಧಕ ಪ್ರತಿಕ್ರಿಯೆಯೂ ಕುಗ್ಗಿತ್ತು. ಶೈಶವದ ಕೆಲವೇ ವಾರಗಳ ಹೊಗೆ ವರ್ಷಗಳ ನಂತರವೂ ಗುರುತು ಬಿಟ್ಟಿತ್ತು ಎಂಬುದನ್ನು ಓದಿದ ಮೇಲೆ, ‘ನಾಲ್ಕು ದಿನದ ಹೊಗೆ, ಮಳೆ ಬಂದರೆ ಹೋಗುತ್ತದೆ’ ಎಂದು ಹೇಳುವಾಗ ನನ್ನ ನಾಲಿಗೆ ತಡವರಿಸುತ್ತದೆ.

ಗರ್ಭದಲ್ಲಿರುವ ಮಗುವೂ ಈ ಲೆಕ್ಕದಿಂದ ಹೊರಗಿಲ್ಲ. ತಾಯಿ ಉಸಿರಾಡಿದ ಇಂಗಾಲದ ಕಣಗಳು ಮಾಸಿನಲ್ಲಿ (ಪ್ಲಸೆಂಟಾ), ಅದರ ಭ್ರೂಣದತ್ತಲಿನ ಬದಿಯಲ್ಲಿಯೂ, ಇರುವುದನ್ನು 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಕಂಡರು. 1997ರಲ್ಲಿ ಇಂಡೋನೇಷ್ಯಾದ ಕಾಡು ತಿಂಗಳುಗಟ್ಟಲೆ ಉರಿದದ್ದರ ಪರಿಣಾಮ ತಿಳಿಯಲು ಅಲ್ಲಿನ 2000ದ ಜನಗಣತಿಯ ಅಂಕಿಅಂಶಗಳನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞೆ ಸೀಮಾ ಜಯಚಂದ್ರನ್, ಆ ಹೊಗೆಯಿಂದಾಗಿ ಗರ್ಭಸ್ಥ ಮತ್ತು ಎಳೆಯ ಮಕ್ಕಳು ಸೇರಿ 15,600ರಷ್ಟು ಜೀವಗಳು ಇಲ್ಲವಾದವು ಎಂದು ಅಂದಾಜಿಸಿದರು. ಅಲ್ಲಿಯ ಬೆಂಕಿಯ ಪ್ರಮಾಣ ನಮ್ಮದಕ್ಕೆ ಹೋಲಿಸಲಾಗದಷ್ಟು ದೊಡ್ಡದು. ಆದರೂ ತುಂಬು ತಿಂಗಳ ಗರ್ಭಿಣಿಯನ್ನು ಹೊಗೆಯಿಂದ ದೂರವಿಡುವುದು ಮಗುವನ್ನು ಕಾಯುವ ಕೆಲಸವೇ ಎಂಬುದು ಅದರಿಂದ ತಿಳಿಯುತ್ತದೆ.

ಎಷ್ಟು ಹೊಗೆಯೆಂದರೆ ಹೆಚ್ಚು? ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ದಿನದ ಸರಾಸರಿ ಪಿಎಂ 2.5 ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು. ಭಾರತದ 2009ರ ಮಾನದಂಡ 60ರವರೆಗೆ ಒಪ್ಪುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ 100ರೊಳಗಿದ್ದರೆ ಹಸಿರು ಬಣ್ಣ ತೋರಿಸುತ್ತದೆ, ಆದರೆ ಆ 100 ಎಂದರೆ ಪಿಎಂ 2.5 ಅರವತ್ತು ಎಂದು ಅರ್ಥ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ನಾಲ್ಕು ಪಟ್ಟು. ಎಳೆಮಕ್ಕಳಿರುವ ಮನೆಯವರು ಹಸಿರು ಕಂಡೊಡನೆ ನಿಶ್ಚಿಂತರಾಗಬಾರದು. ಇದಲ್ಲದೆ ಶಿವಮೊಗ್ಗದ ವಿನೋಬನಗರದಲ್ಲಿರುವ ಮಾಪನ ಕೇಂದ್ರ ಅಲ್ಲಿನ ಗಾಳಿಯನ್ನು ಅಳೆಯುತ್ತದೆಯೇ ಹೊರತು ಹೊಸನಗರದ ಕಣಿವೆಯ ಒಂಟಿಮನೆಯ ಗಾಳಿಯನ್ನಲ್ಲ. ಹಳ್ಳಿಯಲ್ಲಿರುವವರಿಗೆ ಗುಡ್ಡವೇ ಮಾಪಕ. ಮನೆಯೆದುರು ಎಂದಿನಂತೆ ಸ್ಪಷ್ಟವಾಗಿ ಕಾಣುವ ದೂರದ ಗುಡ್ಡವೊಂದನ್ನು ಗುರುತಿಟ್ಟುಕೊಂಡು, ಒಣಹವೆಯ ದಿನ ಅದು ಮಸುಕಾದರೆ ಮಕ್ಕಳ ಓಟ ಕಡಿಮೆ ಮಾಡಿಸುವುದು, ಕಾಣದೇ ಹೋದರೆ ಅವರನ್ನು ಒಳಗಿರಿಸುವುದು ಎಂಬ ನಿಯಮ ಸಾಕಷ್ಟು ಕೆಲಸಕ್ಕೆ ಬರುತ್ತದೆ.

ಒಳಗಿರಿಸುವುದು ಎಂದೆ, ಮಲೆನಾಡಿನ ಮನೆಯಲ್ಲಿ ಅದು ಹೇಳಿದಷ್ಟು ಸುಲಭವಲ್ಲ. ಕಿಟಕಿ ಬಾಗಿಲು ಭದ್ರಪಡಿಸಿ ಕುಳಿತುಕೊಳ್ಳಿ ಎಂಬ ಹೊರದೇಶದ ಸಲಹೆ ಹೊಂದುವುದು ಗಾಳಿಯಾಡದಂತೆ ಕಟ್ಟಿದ ಮನೆಗಳಿಗೆ. ನಮ್ಮ ಹೆಂಚಿನ ಮನೆಗಳು ಉಸಿರಾಡುವಂತೆ ಕಟ್ಟಿದವು. ಹೆಂಚಿನ ಸಂದಿಯಲ್ಲಿ ಒಲೆಯ ಹೊಗೆ ಹೊರಹೋಗುವ ಹಾಗೆಯೇ ಕಾಡಿನ ಹೊಗೆ ಒಳಬರುತ್ತದೆ. ಆದ್ದರಿಂದ ಇಡೀ ಮನೆಯನ್ನು ಕಾಯಲು ಹೋಗದೆ ಒಂದು ಕೋಣೆಯನ್ನು ಕಾಯುವುದು ಜಾಣತನ. ಮೇಲೆ ಹಲಗೆ ಹಾಸಿದ ಅಟ್ಟವಿರುವ ನಡುಕೋಣೆ ಅಥವಾ ತಾರಸಿ ಇರುವ ಕೋಣೆ ಇದಕ್ಕೆ ತಕ್ಕದ್ದು. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಒತ್ತಿ, ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಮಗುವಿನ ಹಾಸಿಗೆ ಆಟಿಕೆಗಳನ್ನು ಬೆಳಗಿನ ಹೊತ್ತು ಅಲ್ಲಿಗೇ ತರಬಹುದು. ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಸೋಸುಗ ಇರುವ ಗಾಳಿ ಶುದ್ಧಿಯಂತ್ರ ಕೊಳ್ಳುವ ಅನುಕೂಲವಿದ್ದವರು ಅದನ್ನು ಇಂಥ ಮುಚ್ಚಿದ ಕೋಣೆಯಲ್ಲಿಟ್ಟರೆ ಪ್ರಯೋಜನವಿದೆ, ಜಗಲಿಯಲ್ಲಿಟ್ಟರೆ ಇಲ್ಲ. ಹೊರಗೆ ಗಾಳಿ ತಿಳಿಯಾದ ಹೊತ್ತು ನೋಡಿ ಕಿಟಕಿ ತೆರೆಯಬೇಕು; ಏಪ್ರಿಲ್ ಸೆಕೆಯಲ್ಲಿ ಕೂಸನ್ನು ಮುಚ್ಚಿದ ಕೋಣೆಯಲ್ಲಿ ಬೇಯಿಸುವುದೂ ಅಪಾಯವೇ.

ಆದರೆ ಕಾಡಿನ ಹೊಗೆ ನಮ್ಮ ಕೈಯಲ್ಲಿಲ್ಲದ ದಿನವೂ ಮನೆಯ ಹೊಗೆ ನಮ್ಮ ಕೈಯಲ್ಲಿರುತ್ತದೆ. ಶ್ವಾಸಕೋಶಕ್ಕೆ ಹೊಗೆಯ ಊರು ಗೊತ್ತಿಲ್ಲ. ಗುಡ್ಡದಿಂದ ಬಂದದ್ದು, ಬಚ್ಚಲ ಹಂಡೆಯ ಒಲೆಯಿಂದ ಬಂದದ್ದು, ಅಂಗಳದ ಮೂಲೆಯಲ್ಲಿ ದರಕು ಗುಡಿಸಿ ಹಚ್ಚಿದ್ದರಿಂದ ಬಂದದ್ದು ಎಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಹೊಗೆ ಕವಿದ ದಿನಗಳಲ್ಲಿ ಅಡುಗೆಗೆ ಗ್ಯಾಸ್ ಬಳಸುವುದು, ಸೌದೆಯೇ ಗತಿಯಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥ ಚಿಮಣಿಯುಳ್ಳ ಒಲೆಯಲ್ಲಿ ಒಣ ಸೌದೆ ಉರಿಸುವುದು, ಆ ಹೊತ್ತು ಮಗುವನ್ನು ಅಡುಗೆಮನೆಯಿಂದ ದೂರವಿಡುವುದು ನಮ್ಮಿಂದಾಗುವ ಕೆಲಸ. ಸೊಳ್ಳೆಬತ್ತಿಯನ್ನು ಯಾರೂ ಹೊಗೆಯೆಂದು ಎಣಿಸುವುದಿಲ್ಲ. ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆಂದು 2003ರ ಅಧ್ಯಯನವೊಂದು ಅಳೆದು ಹೇಳಿದೆ. ಸೊಳ್ಳೆಪರದೆ ಕಟ್ಟಿದರೆ ಅದರ ಅಗತ್ಯವೇ ಬೀಳದು. ಎರೆದ ಕೂಸಿಗೆ ಸಾಂಬ್ರಾಣಿ ಅಥವಾ ಲೋಬಾನದ ಹೊಗೆ ಹಿಡಿಯುವ ಪದ್ಧತಿಯ ಬಗ್ಗೆ ಹೇಳುವಾಗ ಸಂಕೋಚವಾಗುತ್ತದೆ, ಏಕೆಂದರೆ ಅದು ಅಜ್ಜಿಯರ ಅಕ್ಕರೆಯಿಂದ ಬಂದದ್ದು. ಕೂಸಿನ ತಲೆ ಒಣಗಿಸಿ ಬೆಚ್ಚಗಿಡಲು ಒಣ ಬಟ್ಟೆ, ಟೊಪ್ಪಿ ಮತ್ತು ಅಜ್ಜಿಯ ಮಡಿಲು ಸಾಕು. ಎಳೆಯ ಶ್ವಾಸಕೋಶಕ್ಕೆ ಆ ಹೊಗೆಯಿಂದ ಒಳಿತಿಲ್ಲ ಎಂದು ಅವರಿಗೆ ನಯವಾಗಿ ಹೇಳುವುದು ಅಗತ್ಯ.

ಮುಖಕ್ಕೆ ಒದ್ದೆ ಕರವಸ್ತ್ರ ಕಟ್ಟಿದರೆ ಬೂದಿಯ ಚೂರು ನಿಲ್ಲುತ್ತದೆ, ಸೂಕ್ಷ್ಮ ಕಣ ನಿಲ್ಲುವುದಿಲ್ಲ. ಎನ್-95 ಮುಖಗವಸು ಕಣಗಳನ್ನು ತಡೆಯುವುದು ಅದು ಮುಖಕ್ಕೆ ಬಿಗಿಯಾಗಿ ಕೂತಾಗ ಮಾತ್ರ. ದೊಡ್ಡವರ ಅಳತೆಯದು ಮಕ್ಕಳ ಕೆನ್ನೆಯ ಪಕ್ಕ ಸಂದಿ ಬಿಡುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಯಾವ ಮುಖಗವಸನ್ನೂ ಹಾಕಬಾರದು, ಉಸಿರುಕಟ್ಟುವ ಅಪಾಯವಿದೆ.

ಶಾಲೆ ಮತ್ತು ಅಂಗನವಾಡಿಗಳಲ್ಲಿ ಮಾಡಬಹುದಾದದ್ದು ಹೆಚ್ಚು ಖರ್ಚಿನದ್ದಲ್ಲ. ಹೊಗೆಯಿರುವ ಬೆಳಗ್ಗೆ ಪ್ರಾರ್ಥನೆಯನ್ನು ತರಗತಿಯೊಳಗೆ ನಡೆಸಿ ಆಟದ ಅವಧಿಯನ್ನು ಮಧ್ಯಾಹ್ನಕ್ಕೆ ಸರಿಸಬಹುದು. ಆವರಣದ ಒಣ ಎಲೆಗೆ ಬೆಂಕಿ ಹಚ್ಚುವ ರೂಢಿಯನ್ನು ಪೂರ್ತಿ ಬಿಟ್ಟು ಗೊಬ್ಬರದ ಗುಂಡಿಗೆ ಹಾಕಬಹುದು. ದರಕನ್ನು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ.

ಆಸ್ತಮಾ ಇರುವ ಮಗುವಿನ ಮನೆಯವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕಂಡು, ದಿನವೂ ತೆಗೆದುಕೊಳ್ಳುವ ತಡೆಯೌಷಧ ಯಾವುದು, ಉಬ್ಬಸ ಬಂದಾಗ ಕೊಡುವ ಔಷಧ ಯಾವುದು, ಎಷ್ಟು ಬಾರಿ ಕೊಡಬಹುದು ಎಂಬುದನ್ನು ಬರೆಸಿಕೊಂಡಿರಬೇಕು. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಔಷಧ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಕಡಿಮೆ ಪ್ರಮಾಣವೇ ಸಾಕಾಗುತ್ತದೆ ಎಂಬುದು ಅದರ ಅನುಕೂಲ; ಚಿಕ್ಕ ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಜೊತೆ ಕೊಟ್ಟರೆ ಔಷಧ ಗಂಟಲಲ್ಲಿ ಉಳಿಯದೆ ಒಳಗೆ ಇಳಿಯುತ್ತದೆ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೊರಡಬೇಕೆಂದು ತಿಳಿಯಲು ಮಗು ಅಳದೆ ಸಮಾಧಾನವಾಗಿರುವಾಗ ಹೊಟ್ಟೆ ಎದೆಯ ಏರಿಳಿತ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ, ವೈದ್ಯರಿಗೆ ತೋರಿಸಲೇಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುವುದು, ಹಾಲು ಅಥವಾ ನೀರು ಕುಡಿಯಲಾಗದಿರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಮಂಕಾಗಿರುವುದು ಕಂಡರೆ ಎಣಿಸುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಬೇಕು. ಮಲೆನಾಡಿನವರಿಗೆ ಇನ್ನೊಂದು ಮಾತು. ಬರೀ ಹೊಗೆಯಿಂದ ಜೋರು ಜ್ವರ ಬರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನಿಂದ ಹರಡುವ ಜ್ವರವಾದ ಮಂಗನ ಕಾಯಿಲೆ ಹೆಚ್ಚುವುದೂ ಡಿಸೆಂಬರಿನಿಂದ ಮೇವರೆಗಿನ ಇದೇ ಒಣ ತಿಂಗಳುಗಳಲ್ಲಿ. ಕಾಡಂಚಿನ ಮಗುವಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಹೊಗೆಯ ಮೇಲೆ ಹೊರಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು.

ಅಶ್ವಿನಿ, ಭರಣಿ ಮಳೆಗಳು ಬಿದ್ದಾಗ ಗಾಳಿ ತೊಳೆದಂತಾಗುತ್ತದೆ. ಸುಟ್ಟ ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ತರುವ ಮನೆಗಳಲ್ಲಿ ಮೊದಲ ಮಳೆಯ ನೀರು ಬೂದಿಯನ್ನು ಹೊತ್ತು ತರುವುದರಿಂದ, ಅದು ತಿಳಿಯಾಗುವವರೆಗೆ ಮಕ್ಕಳಿಗೆ ಬೇರೆ ನೀರು ಕುಡಿಸುವುದು ಒಳ್ಳೆಯದು. ಗಾಳಿ ತಿಳಿಯಾದ ಮೇಲೂ ಕೆಮ್ಮು ಎರಡು ವಾರ ದಾಟಿದರೆ ಅದನ್ನು ಹೊಗೆಯ ಕೆಮ್ಮು ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಆಸ್ತಮಾ ಮೊದಲ ಬಾರಿಗೆ ಪತ್ತೆಯಾಗುವುದು ಹೀಗೆ, ಕ್ಷಯದ ಪರೀಕ್ಷೆ ಮಾಡಿಸಬೇಕಾಗುವುದೂ ಹೀಗೆಯೇ.